ಪರರ ಕೃತಿಗೆ ಪುರವಣಿ: ಪಾರಿಜಾತದಿಂದ ಪಾತ್ರದಾಟದವರೆಗೆ

ಕೌಜಲಗಿಯ ಸುತ್ತಿನ ಸೀಮೆ ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದುದು. ಅಪರಾಳ ತಮ್ಮಣ್ಣನು ರಚಿಸಿದ ಈ ಕೃತಿಯನ್ನು ಕೌಜಲಗಿಗೆ ಸಮೀಪದ ಕುಲಗೋಡದ ತಮ್ಮಣ್ಣನು ರಂಗಕ್ಕೆ ಒಗ್ಗಿಸಿ ಬೆಳೆಸಿದನು. ಮುಂದೆ ಕೌಜಲಗಿ ನಿಂಗಮ್ಮನವರಂತಹ ಕಲಾವಿದರು ಅದಕ್ಕೆ ಕೀರ್ತಿ ತಂದರು. ಒಬ್ಬನ ಕೃತಿಯ ಮೇಲೆ ಮತ್ತೊಬ್ಬನು ಕಟ್ಟುವುದು ಮೇಳಗಳ ಲೋಕದಲ್ಲಿ ರೂಢಿಯೇ ಆಗಿದ್ದಿತು.

ಮೇಜಿನ ಸುತ್ತ ಕುಳಿತು, ಪಾತ್ರವಹಿಸಿ ಆಡುವ ಆಟಗಳಲ್ಲಿ ಸಣ್ಣ ಪ್ರಕಾಶಕರು ಇಂದು ಮಾಡುತ್ತಿರುವುದೂ ಇದನ್ನೇ. ಮೂಲ ಆಟದ ನಿಯಮಗಳನ್ನು ಆಧರಿಸಿ ಹೊಸ ಕಥೆಯನ್ನೂ ಪಾತ್ರಗಳನ್ನೂ ಒದಗಿಸುವ ಪುಸ್ತಕವೇ ಪುರವಣಿ. ಆದರೆ ಇಲ್ಲಿ ಮೂಲಕ್ಕೆ ಒಡೆಯನಿದ್ದಾನೆ.

1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಒಡೆತನ ಪಡೆದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯು 2000ದಲ್ಲಿ ‘ಓಪನ್ ಗೇಮ್ ಲೈಸೆನ್ಸ್’ ಎಂಬ ಪರವಾನಿಗೆಯನ್ನು ಪ್ರಕಟಿಸಿತು. ಅದನ್ನು ನಂಬಿ ಅನೇಕ ಪ್ರಕಾಶಕರು ಬದುಕು ಕಟ್ಟಿಕೊಂಡರು. ಪತ್ರದಲ್ಲಿ ‘ಶಾಶ್ವತ’ ಎಂಬ ಮಾತಿದ್ದಿತೇ ಹೊರತು ‘ಹಿಂತೆಗೆದುಕೊಳ್ಳಲಾಗದು’ ಎಂಬ ಮಾತಿರಲಿಲ್ಲ. ಶಾಸನಗಳನ್ನು ಓದಿದವರಿಗೆ ಈ ಸೂಕ್ಷ್ಮ ಹೊಸದಲ್ಲ. ‘ಆಚಂದ್ರಾರ್ಕ’ವೆಂದು ಬಿಟ್ಟ ದತ್ತಿಗೂ ಮುಂದಿನ ಅರಸರಿಂದ ಪುನಃ ಸನದು ಪಡೆದ ಉದಾಹರಣೆಗಳುಂಟು. 2023ರ ಜನವರಿಯಲ್ಲಿ ಬಯಲಾದ ಹೊಸ ಕರಡು, ಹಳೆಯ ಪತ್ರವು ಇನ್ನು ಅಧಿಕೃತವಲ್ಲವೆಂದು ಸಾರಿ, ವರ್ಷಕ್ಕೆ 7,50,000 ಡಾಲರಿಗೆ ಮೀರಿದ ವರಮಾನದಲ್ಲಿ ಪಾಲನ್ನೂ ಕೇಳಿತು. ಪ್ರತಿಭಟನೆಗೆ ಮಣಿದ ಸಂಸ್ಥೆಯು ಅದೇ ತಿಂಗಳ 27ರಂದು ಮೂಲ ನಿಯಮಗಳ ಒಂದು ಸಂಗ್ರಹವನ್ನು, ಹಿಂತೆಗೆಯಲಾಗದ ಕ್ರಿಯೇಟಿವ್ ಕಾಮನ್ಸ್ ಪರವಾನಿಗೆಯಡಿ ಬಿಟ್ಟುಕೊಟ್ಟಿತು. ಅದರಿಂದ ಆಟದ ವ್ಯಾಪಾರ ಮುದ್ರೆಯನ್ನು ಬಳಸುವ ಹಕ್ಕೇನೂ ದೊರೆಯಲಿಲ್ಲ.

ನಮ್ಮಲ್ಲಿ 1978ರ ಆರ್. ಜಿ. ಆನಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೂಪಕ್ಕೆ ಮಾತ್ರ ಉಂಟು ಎಂದು ತೀರ್ಮಾನಿಸಿತು. ಆದುದರಿಂದ ಆಡುವ ಕ್ರಮವನ್ನು ಸ್ವಂತ ಮಾತಿನಲ್ಲಿ ಹೇಳುವುದು ಬೇರೆ, ಮೂಲದ ವಾಕ್ಯಗಳನ್ನೇ ಎತ್ತಿಕೊಳ್ಳುವುದು ಬೇರೆ. ಎತ್ತಿಕೊಳ್ಳಬೇಕಾದಲ್ಲಿ ಲಿಖಿತ ಅನುಮತಿ ಬೇಕು. ಅದರಲ್ಲಿ ಅವಧಿಯನ್ನೂ ಪ್ರದೇಶವನ್ನೂ ಕಾಣಿಸಬೇಕು. ಕಾಣಿಸದಿದ್ದರೆ 1957ರ ಕೃತಿಸ್ವಾಮ್ಯ ಅಧಿನಿಯಮದ ಈಗಿನ ರೂಪದಂತೆ ಅವಧಿ 5 ವರ್ಷ, ಪ್ರದೇಶ ಭಾರತ ಮಾತ್ರವೆಂದು ಎಣಿಸಲಾಗುತ್ತದೆ. ಹೊರದೇಶದ ಕನ್ನಡಿಗರಿಗೂ ಪುಸ್ತಕ ಮಾರಬಯಸುವವನಿಗೆ ಇದು ಸಣ್ಣ ತೊಡಕಲ್ಲ.

ಪಾರಿಜಾತದ ಕಥೆಯನ್ನೇ ಇಂತಹ ಆಟಕ್ಕೆ ಅಳವಡಿಸುವವನಿಗೆ ತಮ್ಮಣ್ಣದ್ವಯರ ಪುರಾತನ ಪಾಠ ಮುಕ್ತವಾದುದು. ಆದರೆ ಈಚಿನ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳು ಅವರವರ ಸ್ವತ್ತು. ಮೇಳದ ಧ್ವನಿಮುದ್ರಿಕೆಗೂ ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ಸ್ವಾಮ್ಯವುಂಟು.