ಸೆಕೆಂಡ್ ಹ್ಯಾಂಡ್ ಬೋಟಿನ ಮಳೆಗಾಲ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಂಗಳೂರಿನ ದಕ್ಕೆಯಲ್ಲಿ ಹರಾಜಿನ ಕೂಗು ನಿಂತು, ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಪೇಟೆಯವರು ಇದನ್ನು ಮೀನುಗಾರರ ರಜೆ ಎನ್ನುತ್ತಾರೆ. ಗುರುಪುರ ಹೊಳೆ ದಾಟಿ ಬೆಂಗ್ರೆಗೆ ಹೋಗಿ ನೋಡಿದವರು ಹಾಗೆನ್ನಲಾರರು. ಟಾರ್ಪಾಲಿನಡಿ ಗ್ರೈಂಡರ್ ಕಿರುಚುತ್ತಿರುತ್ತದೆ, ವೆಲ್ಡಿಂಗ್ ಕಿಡಿ ಹಾರುತ್ತಿರುತ್ತದೆ, ಫೈಬರ್ ಅಂಟಿನ ಘಾಟು ಮೂಗಿಗೆ ಹತ್ತುತ್ತದೆ. ಬೋಟಿನ ಹೊಟ್ಟೆಯನ್ನು ನಿಧಾನವಾಗಿ ನೋಡಲು ಸಿಗುವ ಕಾಲ ಇದೊಂದೇ. ಹಳೆಯ ಬೋಟು ಕೊಂಡವರ ನಿಜವಾದ ವ್ಯಾಪಾರ ಶುರುವಾಗುವುದೂ ಆಗಲೇ.

ಬೋಟನ್ನು ನೀರಿನಿಂದ ಮೇಲೆತ್ತುವುದೇ ಒಂದು ವಿದ್ಯೆ. ಸಣ್ಣದಾದರೆ ಕ್ರೇನ್ ಸಾಕು. ದೊಡ್ಡದನ್ನು ಭರತದ ನೀರು ಏರಿದಾಗ ದಡಕ್ಕೆ ತಂದು, ಅಡಿಗೆ ಮರದ ದಿಮ್ಮಿ ಕೊಟ್ಟು, ಹಗ್ಗ ಬಿಗಿದು ಎಳೆಯಬೇಕು. ಊರೆ ಕೊಡುವ ಜಾಗ ತಪ್ಪಿದರೆ ಬೋಟಿನ ಭಾರಕ್ಕೆ ಅದರ ಹಲಗೆಯೇ ಸೀಳುತ್ತದೆ. ಮೇಲೆ ಬಂದ ಮೇಲೆ ಮೊದಲ ಕೆಲಸ ಕೆರೆಯುವುದು. ಅಡಿಗೆ ಹತ್ತಿದ ಚಿಪ್ಪು, ಪಾಚಿ ಹೋಗದೆ ಹಳೆಯ ಪೈಂಟಿನ ಕೆಳಗೆ ಏನಿದೆಯೆಂದು ಗೊತ್ತಾಗುವುದಿಲ್ಲ. ಮಾರುವ ಮುಂಚೆ ಬಳಿದ ಹೊಸ ಪೈಂಟು ಕಂಡರೆ ನಾನಂತೂ ಅನುಮಾನಪಡುತ್ತೇನೆ.

ಮರದ ಬೋಟಾದರೆ ಆಚಾರಿಗಳು ಮೊನೆಯಿಂದ ಚುಚ್ಚುತ್ತ ಹೋಗುತ್ತಾರೆ. ಈ ಕರಾವಳಿಯಲ್ಲಿ ದೋಣಿಗೆ ಹೆಬ್ಬಲಸು ಹೆಸರಾದ ಮರ. ಆದರೂ ಹಡಗುಹುಳು ಹೊಕ್ಕರೆ ಯಾವ ಮರವೂ ಒಳಗೊಳಗೇ ಜಾಲರಿಯಾಗುತ್ತದೆ. ಹುಳು ಎಂದು ಕರೆದರೂ ಅದು ಮಳಿಯ ಸಂಬಂಧಿ, ಚಿಪ್ಪಿನ ಜಾತಿ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಬೆರಳು ಹೋಗುವಷ್ಟು ಸುರಂಗ. ಉಪ್ಪು ತೀರ ಇಳಿದ ನೀರಿನಲ್ಲಿ ಅದು ಬಹುಕಾಲ ಬದುಕದು. ಆಷಾಢದ ನೆರೆಗೆ ಹೊಳೆ ಸಿಹಿಯಾದಾಗ ಅಲ್ಲಿ ಕಟ್ಟಿದ ಬೋಟಿಗೆ ಪುಕ್ಕಟೆ ಔಷಧಿಯಾಗುವುದು ಹೀಗೆ. ಕೊಳೆತ ಹಲಗೆ ಕಿತ್ತು, ಸಂದಿಗೆ ಹತ್ತಿ ತುರುಕಿ, ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಹಳೆಯ ಕ್ರಮ. ಗೇರುಬೀಜದ ಕಾರ್ಖಾನೆಗಳ ಊರಿನಲ್ಲಿ ಆ ಎಣ್ಣೆಗೇನು ಬರ!

ಈಗ ಫೈಬರ್, ಸ್ಟೀಲ್ ಬೋಟುಗಳೇ ಹೆಚ್ಚು. ಫೈಬರನ್ನು ಕಿವಿಯಿಂದ ನೋಡಬೇಕು. ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಜಾಗ ಠಣ್ ಎನ್ನುತ್ತದೆ. ಪದರ ಬಿಟ್ಟ ಜಾಗ ಒಡೆದ ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಸ್ಟೀಲಿನಲ್ಲಿ ನೀರಿನ ಗೆರೆಯ ಆಸುಪಾಸು ತಗಡು ಸವೆದು ತೆಳುವಾಗಿರುತ್ತದೆ. ಫ್ಯಾನಿನ, ಅಂದರೆ ಪ್ರೊಪೆಲ್ಲರಿನ, ಹತ್ತಿರ ಸತುವಿನ ತುಂಡು ಕೂರಿಸುವುದು ಸಾಮಾನ್ಯ. ಉಪ್ಪುನೀರು ಮೊದಲು ಸತುವನ್ನು ತಿನ್ನಲಿ, ಕಬ್ಬಿಣ ಉಳಿಯಲಿ ಎಂಬ ಲೆಕ್ಕ. ಸತು ಪೂರ್ತಿ ಕರಗಿದ್ದರೆ ಹಿಂದಿನ ಧಣಿ ಬಹಳ ದಿನದಿಂದ ಅಡಿ ನೋಡಿಲ್ಲವೆಂದೇ ಅರ್ಥ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಅಲ್ಲಿಗೆ ಚೌಕಾಸಿ ಹೊಸದಾಗಿ ಶುರುವಾಗಬೇಕು.

ಕಾಗದಪತ್ರವೂ ಬೋಟಿನದೇ ಒಂದು ಭಾಗ. ನೋಂದಣಿ, ಮೀನುಗಾರಿಕೆ ಪರವಾನಗಿ ಹೊಸ ಹೆಸರಿಗೆ ಬರದಿದ್ದರೆ ತೆರಿಗೆ ವಿನಾಯಿತಿಯ ಡೀಸೆಲಿಗೆ ತೊಡಕು. ಡೀಸೆಲಿಲ್ಲದೆ ಲಾಭದ ಮಾತೆಲ್ಲಿ?

ಹಾಯಿಯ ಕಥೆ ಬೇರೆ. ಹಳೆ ಬಂದರಿನಿಂದ ಹಂಚು ಹೊತ್ತು ಹೋಗುತ್ತಿದ್ದ ಮಂಜಿ ಎಂಬ ಸರಕುಹಡಗುಗಳು ಒಂದು ಕಾಲದಲ್ಲಿ ಗಾಳಿಯನ್ನೇ ನಂಬಿದ್ದವು. ಇವತ್ತು ಅಲ್ಲಿಂದ ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಒಯ್ಯುವ ಮಂಜಿಗಳು ಓಡುವುದು ಎಂಜಿನ್ನಿನಿಂದ. ಸರ್ಕಾರಿ ಕಾಗದದಲ್ಲಿ ಮಾತ್ರ ಇನ್ನೂ ‘ಯಾಂತ್ರೀಕೃತ ಹಾಯಿಹಡಗು’. ಹಾಯಿ ಈಗ ಹವ್ಯಾಸಿಗಳ ಪಾಲು: ಬೆಂಗಳೂರಿನ ಹಲಸೂರು ಕೆರೆಯಲ್ಲಿ, ಕೆಆರ್‌ಎಸ್ ಹಿನ್ನೀರಿನಲ್ಲಿ. ಅಂಥ ಹಳೆಯ ಹಾಯಿದೋಣಿಯನ್ನು ಟ್ರೇಲರ್ ಸಮೇತ ಕೊಂಡವರು ದೋಣಿಗಿಂತ ಮೊದಲು ಟ್ರೇಲರ್ ನೋಡುವುದು ಒಳ್ಳೆಯದು. ನಿಂತಲ್ಲೇ ನಿಂತ ಟಯರು ಬಿರಿದಿರುತ್ತದೆ, ಪಟ್ಟಿ ಸ್ಪ್ರಿಂಗು ತುಕ್ಕು ಹಿಡಿದಿರುತ್ತದೆ. ದೂರ ಓಡಿ ಬಿಸಿಯಾದ ಚಕ್ರವನ್ನು ಸೀದಾ ನೀರಿಗೆ ಇಳಿಸಿದರೆ, ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗಿ ಬೇರಿಂಗಿನೊಳಕ್ಕೆ ನೀರೆಳೆದುಕೊಳ್ಳುತ್ತದೆ. ಚಾ ಕುಡಿದು, ಚಕ್ರ ಆರಿದ ಮೇಲೆ ಇಳಿಸಿದರಾಯಿತು. ದೋಣಿಯಲ್ಲಿ ಕೂವೆಮರ ಹಿಡಿದಿರುವ ಉಕ್ಕಿನ ಹಗ್ಗದ ತುದಿಗಳಲ್ಲಿ ಒಂದೇ ಒಂದು ಎಳೆ ಹರಿದಿದ್ದರೂ ಬದಲಿಸಬೇಕು. ಬಿಸಿಲಿಗೆ ಹಾಯಿಯ ಬಟ್ಟೆಗಿಂತ ಮೊದಲು ಸೋಲುವುದು ಹೊಲಿಗೆಯ ನೂಲು.

ದಕ್ಕೆಯ ಬೋಟಿಗೆ ಬಲೆ, ಐಸು ತುಂಬುವ ಮುಂಚೆ ಖಾಲಿ ಓಡಿಸಿ ನೋಡಬೇಕು. ನೇತ್ರಾವತಿ, ಗುರುಪುರ ಎರಡೂ ಕಡಲು ಸೇರುವ ಅಳಿವೆಯಲ್ಲಿ ಹೂಳಿನ ದಿಣ್ಣೆ, ಮೇಲೆ ಒಡೆಯುವ ಅಲೆ. ಅಲ್ಲಿ ಎಂಜಿನ್ ನಿಂತರೆ ದೇವರೇ ಗತಿ. ಆದ್ದರಿಂದ ಹೊಳೆಯೊಳಗೇ ಓಡಿಸಿ, ಶಾಫ್ಟಿನ ಬುಡದಲ್ಲಿ ನೀರು ಹನಿಯುತ್ತದೋ ಸುರಿಯುತ್ತದೋ ನೋಡುತ್ತಾರೆ. ಸುರಿದರೆ ಮತ್ತೆ ದಡ, ಮತ್ತೆ ದಿಮ್ಮಿ, ಮತ್ತೆ ಆಚಾರಿ. ಆಗಸ್ಟಿನ ಮೊದಲ ಮೀನಿನ ರೇಟು ಅಷ್ಟರಲ್ಲಿ ಪಕ್ಕದ ಬೋಟಿನವರ ಪಾಲಾಗಿರುತ್ತದೆ.