ಎದೆಯಲ್ಲಿ ಗಂಟು: ಮುಚ್ಚಿಡೋದೂ ಬೇಡ, ಗಾಬರಿಯೂ ಬೇಡ

ನಂಜನಗೂಡಿನಲ್ಲಿ ನಮ್ಮ ಮದ್ರಸಾಕ್ಕೆ ಬರುವ ಮಗುವೊಂದರ ಉಮ್ಮ ನಾಲ್ಕು ತಿಂಗಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಎದೆಯಲ್ಲಿ ಗೋಲಿಯಷ್ಟು ಗಂಟು ಕೈಗೆ ಸಿಕ್ಕಿತ್ತು. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಭಯ. ಕೊನೆಗೆ ನಮ್ಮ ಮನೆಯವರ ಹತ್ತಿರ ಬಾಯಿಬಿಟ್ಟರು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿ, ಸೂಜಿ ಪರೀಕ್ಷೆಯೂ ಆದ ಮೇಲೆ ಅದು ಫೈಬ್ರೋಅಡಿನೋಮಾ, ಕ್ಯಾನ್ಸರ್ ಅಲ್ಲ ಅಂತ ಗೊತ್ತಾಯಿತು. ಅಲ್‌ಹಮ್ದುಲಿಲ್ಲಾಹ್. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೀತಿದ್ದೇವೆ.

ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹರೆಯದವರಲ್ಲಿ ಬೆರಳಿಗೆ ಜಾರುವ, ನೋವಿಲ್ಲದ ಗಂಟು ಸಾಮಾನ್ಯವಾಗಿ ಫೈಬ್ರೋಅಡಿನೋಮಾ. 35 ದಾಟಿದವರಲ್ಲಿ ನೀರು ತುಂಬಿದ ಗುಳ್ಳೆಗಳೂ ಆಗುತ್ತವೆ. ಮುಟ್ಟಿಗೆ ಮೊದಲು ಎದೆ ಬಿಗಿದು, ನೋವಾಗಿ, ಮುಟ್ಟಾದ ಮೇಲೆ ಇಳಿದರೆ ಅದು ಹಾರ್ಮೋನಿನ ಏರಿಳಿತ. ಬಾಣಂತಿಯರಿಗೆ ಹಾಲು ಕಟ್ಟಿ ಬಾವು ಬರುವುದೂ ಉಂಟು. ಜ್ವರ, ಕೆಂಪು ಇದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ಆದರೆ ಯಾವುದು ಯಾವ ಗಂಟು ಅಂತ ಕೈಯಲ್ಲಿ ಮುಟ್ಟಿ ನಾವೇ ತೀರ್ಮಾನ ಮಾಡೋಕಾಗಲ್ಲ. ಒಂದು ಮುಟ್ಟು ಕಳೆದರೂ ಹೋಗದ ಗಂಟನ್ನು ಡಾಕ್ಟರಿಗೆ ತೋರಿಸಲೇಬೇಕು. ಗಂಟು ಗಟ್ಟಿಯಾಗಿದ್ದರೆ ಅಥವಾ ಬೆಳೆಯುತ್ತಿದ್ದರೆ, ಚರ್ಮ ಗುಳಿಬಿದ್ದರೆ, ತೊಟ್ಟು ಒಳಗೆ ಸೇದಿಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲಿ ಗಡ್ಡೆ ಕಂಡರೆ ಕಾಯಬೇಡಿ. ಮುಟ್ಟು ನಿಂತವರೂ ಕಾಯಬಾರದು. 'ನೋವಿಲ್ಲವಲ್ಲ' ಅನ್ನೋ ಸಮಾಧಾನ ಬೇಡ, ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ.

ಎಲ್ಲಿ ಹೋಗೋದು? ನಂಜನಗೂಡು, ಟಿ. ನರಸೀಪುರ ಎರಡೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಬಹುದು. 30 ದಾಟಿದ ಹೆಂಗಸರಿಗೆ ಎದೆಯ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

'ಪರಗಂಡಸು ನೋಡ್ತಾರಲ್ಲಾ ಉಸ್ತಾದ್?' ಅಂತ ಕೇಳುವವರಿದ್ದಾರೆ. ಲೇಡಿ ಡಾಕ್ಟರ್ ಬೇಕು ಅಂತ ಧೈರ್ಯವಾಗಿ ಕೇಳಿ. ಸಿಗದಿದ್ದರೆ, ಅಗತ್ಯವಿರುವಷ್ಟು ಮಟ್ಟಿಗೆ ಗಂಡಸು ಡಾಕ್ಟರಿಗೆ ತೋರಿಸಲು ದೀನಿನಲ್ಲಿ ಅಡ್ಡಿಯಿಲ್ಲ. ಗಂಡನೋ ಉಮ್ಮನೋ ಜೊತೆಗಿದ್ದರಾಯಿತು. ಹಯಾ ಅಂದರೆ ರೋಗ ಮುಚ್ಚಿಡೋದಲ್ಲ.

ಗಂಡಸರಿಗೂ ಒಂದು ಮಾತು. ಬೈಕಿನಲ್ಲಿ ಸಣ್ಣ ಸದ್ದು ಬಂದರೆ ಅವತ್ತೇ ಗ್ಯಾರೇಜಿಗೆ ಓಡುತ್ತೇವೆ. ಮನೆಯವಳು ಸಂಕೋಚದಿಂದ ಅರ್ಧ ಮಾತು ಹೇಳಿದಾಗ ಉಳಿದರ್ಧ ನಾವೇ ಕೇಳಬೇಕು, ಅಂಗಡಿ ಅರ್ಧ ದಿನ ಮುಚ್ಚಿಯಾದರೂ ಜೊತೆಗೆ ಹೋಗಬೇಕು.