ನೆತ್ತಿಯ ಮೇಲಿನ ಉಪಗ್ರಹ, ನೆಲದ ಮೇಲಿನ ತಟ್ಟೆ

ಮನೆಮನೆಯ ಸಣ್ಣ ಡಿಶ್‌ಗಳನ್ನು ಉಪಗ್ರಹದ ಮೂಲಕ ಫೈಬರ್ ಜಾಲಕ್ಕೆ ಬೆಸೆಯುವುದು ಭೂನಿಲ್ದಾಣ, ಅಂದರೆ ಗೇಟ್‌ವೇ. ಅದರ ಆಂಟೆನಾ ಹೇಗಿರಬೇಕೆಂಬುದು ಉಪಗ್ರಹ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. 2018ರಲ್ಲಿ ಕಕ್ಷೆಗೇರಿದ ಇಸ್ರೊದ ಜಿಸ್ಯಾಟ್-11 ಇರುವುದು ಭೂಸ್ಥಿರ ಕಕ್ಷೆಯಲ್ಲಿ, 35,786 ಕಿ.ಮೀ. ಎತ್ತರದಲ್ಲಿ. ಬೆಂಗಳೂರಿನಿಂದ ಅದರತ್ತ ತಿರುಗಿಸಿದ ತಟ್ಟೆ ದಿಗಂತದಿಂದ ಸುಮಾರು 74 ಡಿಗ್ರಿ ಮೇಲಕ್ಕೆ ಮುಖ ಮಾಡಿರುತ್ತದೆ. ಹೆಚ್ಚು ಕದಲುವ ಕೆಲಸವಿಲ್ಲ.

ದೂರ ಹೆಚ್ಚಿದ್ದಷ್ಟೂ ದೊಡ್ಡ ತಟ್ಟೆ ಬೇಕು. ವ್ಯಾಸ ಇಮ್ಮಡಿಯಾದರೆ ಗೇನ್, ಅಂದರೆ ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸುವ ಸಾಮರ್ಥ್ಯ, ನಾಲ್ಕು ಪಟ್ಟಾಗುತ್ತದೆ, ಆದರೆ ಕಿರಣ ಅರ್ಧಕ್ಕೆ ಕಿರಿದಾಗುತ್ತದೆ. ಕೆಎ ಬ್ಯಾಂಡಿನ 30 ಗಿಗಾಹರ್ಟ್ಸ್‌ನಲ್ಲಿ 7 ಮೀಟರ್ ತಟ್ಟೆಯ ಕಿರಣ ಡಿಗ್ರಿಯ ಹತ್ತನೇ ಒಂದು ಭಾಗದಷ್ಟೇ ಅಗಲ. ಗಾಳಿಗೆ ತಟ್ಟೆ ಅಷ್ಟು ಹೊರಳಿದರೂ ಸಂಪರ್ಕ ಹೋಯಿತೆಂದೇ ಲೆಕ್ಕ. ಆ ಆವರ್ತನದಲ್ಲಿ ತರಂಗಾಂತರ ಬರೀ 1 ಸೆಂ.ಮೀ. ಹಾಗಾಗಿ ಮೇಲ್ಮೈಯ ಉಬ್ಬುತಗ್ಗು ಮಿಲಿಮೀಟರಿನ ಮೂರನೇ ಎರಡು ಭಾಗದಷ್ಟಿದ್ದರೂ ಅರ್ಧ ಶಕ್ತಿ ಪೋಲಾಗುತ್ತದೆ. ಈ ನಷ್ಟವನ್ನು ಅಳೆಯುವ ಸೂತ್ರ ಜಾನ್ ರೂಜ್ ಅವರದು.

ಸ್ಟಾರ್‌ಲಿಂಕ್‌ನಂಥ ಕೆಳಕಕ್ಷೆಯ ಜಾಲದಲ್ಲಿ ತಲೆನೋವೇ ಬೇರೆ. ಸುಮಾರು 550 ಕಿ.ಮೀ. ಎತ್ತರದ ಉಪಗ್ರಹ ಸೆಕೆಂಡಿಗೆ 7.6 ಕಿ.ಮೀ. ವೇಗದಲ್ಲಿ ಓಡುತ್ತದೆ. ತಟ್ಟೆ ಚಿಕ್ಕದಾದರೂ ಸಾಕು, ಆದರೆ ಬೆನ್ನುಹತ್ತಬೇಕು. ಉಪಗ್ರಹ ದೂರದಲ್ಲಿ ಹಾದುಹೋದರೆ ಕಷ್ಟವಿಲ್ಲ. ಸಂಕೇತ ಅತಿ ಪ್ರಬಲವಾಗಿರುವ ನೆತ್ತಿಯ ಮೇಲೆಯೇ ಪೇಚು. ಅಲ್ಲಿ ಅದು ಸರಿಯುವುದು ಸೆಕೆಂಡಿಗೆ 0.8 ಡಿಗ್ರಿಯಷ್ಟೇ. ಆದರೂ 85 ಡಿಗ್ರಿ ಎತ್ತರದಲ್ಲಿ ಹಾದರೆ ತಟ್ಟೆಯನ್ನು ಎಡಬಲಕ್ಕೆ ತಿರುಗಿಸುವ ಲಂಬ ಅಕ್ಷದ ಮೋಟಾರು ಸೆಕೆಂಡಿಗೆ 9 ಡಿಗ್ರಿ ಸುತ್ತಬೇಕಾಗುತ್ತದೆ. ಸರಿಯಾಗಿ ನೆತ್ತಿಯಲ್ಲೇ ಹಾದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ 180 ಡಿಗ್ರಿ ತಿರುಗಬೇಕು. ಭಾರದ ಲೋಹಕ್ಕೆ ಅದು ಆಗದ ಮಾತು. ಅದಕ್ಕೇ ಮೂರನೇ ಅಕ್ಷವೊಂದನ್ನು ಸೇರಿಸುತ್ತಾರೆ, ಇಲ್ಲವೇ ಎರಡೂ ಅಕ್ಷಗಳನ್ನು ಅಡ್ಡಲಾಗಿಸಿದ ಎಕ್ಸ್-ವೈ ಮೌಂಟ್ ಬಳಸುತ್ತಾರೆ. ಒಂದು ಉಪಗ್ರಹ ಮುಳುಗುವ ಮೊದಲೇ ಮುಂದಿನದನ್ನು ಹಿಡಿಯಲು ಇನ್ನೊಂದು ಆಂಟೆನಾ ಸಜ್ಜಾಗಿರಬೇಕು.

ಯಂತ್ರಭಾಗಗಳೇ ಅಲುಗದೆ ಕಿರಣವನ್ನು ತಿರುಗಿಸುವ ಫೇಸ್ಡ್ ಅರೇ ಈ ಪೇಚಿನಿಂದ ಪಾರು. ಆದರೆ ಅದೂ ಪುಕ್ಕಟೆಯಲ್ಲ: ಕಿರಣವನ್ನು 60 ಡಿಗ್ರಿ ಓರೆ ಮಾಡಿದರೆ ಫಲಕದ ಪರಿಣಾಮಕಾರಿ ಕ್ಷೇತ್ರ ಅರ್ಧಕ್ಕಿಳಿಯುತ್ತದೆ.

ಇನ್ನುಳಿದದ್ದು ಮಳೆ. ವ್ಯಾಸ ಇಮ್ಮಡಿಸಿ ಗಳಿಸಿದ ನಾಲ್ಕು ಪಟ್ಟು ಗೇನ್, ಅಂದರೆ 6 ಡೆಸಿಬೆಲ್, 30 ಗಿಗಾಹರ್ಟ್ಸ್‌ನಲ್ಲಿ ಜೋರು ಮಳೆಯ ಒಂದೇ ಕಿಲೋಮೀಟರಿನಲ್ಲಿ ಕರಗಿಹೋಗಬಹುದು. ತಟ್ಟೆ ಹಿಗ್ಗಿಸಿ ಇದನ್ನು ಗೆಲ್ಲಲಾಗದು. ಬಿರುಮಳೆ ಒಂದೇ ಹೊತ್ತಿಗೆ ಎಲ್ಲೆಡೆ ಸುರಿಯುವುದಿಲ್ಲವಾದ್ದರಿಂದ ಹತ್ತಾರು ಕಿಲೋಮೀಟರ್ ಆಚೆ ಎರಡನೇ ನಿಲ್ದಾಣ ಕಟ್ಟಿ, ಒಂದು ನೆನೆಯುವಾಗ ದಟ್ಟಣೆಯನ್ನು ಇನ್ನೊಂದಕ್ಕೆ ಹೊರಳಿಸುತ್ತಾರೆ.